ಎರಡು ಸೊಪ್ಪು, ಒಂದೇ ಚಿಲುಮೆ

ಚಿಕ್ಕಮಗಳೂರು, ಮೂಡಿಗೆರೆ, ಕಳಸದ ಕಾಫಿ ಸೀಮೆಯಲ್ಲಿ ಹೊಗೆಸೊಪ್ಪು ಹಳೆಯ ಪರಿಚಯದ ವಸ್ತು. ಮಳೆಗಾಲದಲ್ಲಿ ಕಂಬಳಿ ಹೊದ್ದು ದುಡಿಯುವವರಿಗೆ ಅದು ಎಲೆ-ಅಡಿಕೆಯ ಜತೆಗಾರ. ಕಾಲಿಗೆ ಹತ್ತುವ ಇಂಬಳಕ್ಕೂ ಅದೇ ಮದ್ದು. ಗಾಂಜಾವನ್ನು ಆಡುಮಾತಿನಲ್ಲಿ ಬರಿಯ 'ಸೊಪ್ಪು' ಎನ್ನುತ್ತಾರೆ. ಅದರ ಹಳೆಯ ಹೆಸರು ಭಂಗಿ. ಹೆಸರಿನಲ್ಲೇ ನೆಂಟರಾದ ಈ ಎರಡು ಸೊಪ್ಪುಗಳು ಒಂದೇ ಚಿಲುಮೆಯೊಳಗೆ ಕೂಡಿಕೊಂಡದ್ದು ಹೇಗೆ?

ಭಂಗಿ ಈ ನೆಲಕ್ಕೆ ಬಲು ಹಳೆಯದು. ಅಥರ್ವವೇದದಲ್ಲಿಯೇ 'ಭಂಗ'ದ ಹೆಸರಿದೆ. ಆದರೆ ಜನ ಅದನ್ನು ಹೆಚ್ಚಾಗಿ ಅರೆದು ಕುಡಿಯುತ್ತಿದ್ದರು, ಇಲ್ಲವೇ ತಿನ್ನುತ್ತಿದ್ದರು. 1563ರಲ್ಲಿ ಗೋವೆಯಲ್ಲಿ ಅಚ್ಚಾದ ತನ್ನ ಗ್ರಂಥದಲ್ಲಿ ಪೋರ್ಚುಗೀಸ್ ವೈದ್ಯ ಗಾರ್ಸಿಯಾ ದ ಓರ್ಟಾ ಭಂಗಿಯನ್ನು ವರ್ಣಿಸುವುದು ಅಡಿಕೆ, ಜಾಜಿಕಾಯಿಗಳ ಜತೆ ಸೇವಿಸುವ ಪದಾರ್ಥವಾಗಿ. ಔಷಧದ ಹೊಗೆ ಸೇದುವ ಕ್ರಮ ಚರಕಸಂಹಿತೆಯಲ್ಲಿದೆ, ನಿಜ. ಆದರೆ ಅದು ಚಿಕಿತ್ಸೆ, ಚಟವಲ್ಲ.

ಹೊಗೆಸೊಪ್ಪು ಅಮೆರಿಕದ ಗಿಡ. ಪೋರ್ಚುಗೀಸರ ಹಡಗುಗಳಲ್ಲಿ ಅದು ಪಶ್ಚಿಮ ಕರಾವಳಿಗೆ ಬಂತು. 1604ರ ಸುಮಾರಿಗೆ ಅಕ್ಬರನ ದೂತ ಅಸದ್ ಬೇಗ್ ಅದನ್ನು ಮೊದಲು ಕಂಡದ್ದು ನಮ್ಮ ಬಿಜಾಪುರದಲ್ಲಿ. ಅಲ್ಲಿಂದ ಸೊಪ್ಪನ್ನೂ ಸೊಗಸಾದ ಕೊಳವೆಯನ್ನೂ ಕೊಂಡೊಯ್ದು ಬಾದಶಹನ ಮುಂದಿಟ್ಟ. 1617ರಲ್ಲಿ ಜಹಾಂಗೀರ್ ಅದನ್ನು ನಿಷೇಧಿಸಿದರೂ ಫಲವಾಗಲಿಲ್ಲ. ಬಾಬಾ ಬುಡನ್ ಏಳು ಕಾಫಿ ಬೀಜ ತಂದು ಚಂದ್ರದ್ರೋಣ ಪರ್ವತದಲ್ಲಿ ಬಿತ್ತಿದರೆಂದು ಐತಿಹ್ಯ ಹೇಳುವುದೂ ಇದೇ ಹದಿನೇಳನೆಯ ಶತಮಾನದಲ್ಲಿಯೇ. ಹೊಗೆಸೊಪ್ಪು ತನ್ನೊಂದಿಗೆ ಸೇದುವ ಅಭ್ಯಾಸವನ್ನೂ ತಂದಿತು. ಮನೆಯ ಭಂಗಿ ಆ ಹೊಸ ದಾರಿ ಹಿಡಿಯಿತು.

ಬೆರೆಸುವುದಕ್ಕೆ ಕಾರಣ ಗಾಂಜಾದ ಗುಣದಲ್ಲೇ ಇದೆ. ಅದು ಹೆಣ್ಣು ಗಿಡದ ಹೂಗೊಂಚಲು, ಮೈತುಂಬ ಅಂಟು. ಅದನ್ನು ನೀರು ಹಾಕಿ ಅಂಗೈಯಲ್ಲಿ ತಿಕ್ಕಿ ಮೆದುಗೊಳಿಸುವುದು ಹಿಂದಿನ ರೂಢಿ. ಹಾಗೆ ಹಸಿಯಾದದ್ದು ಸಮನಾಗಿ ಉರಿಯದು. ಒಣ ಹೊಗೆಸೊಪ್ಪು ಸೇರಿದರೆ ಗಾಳಿಯಾಡುತ್ತದೆ, ಕೆಂಡ ಆರದು. ತುಸು ಗಾಂಜಾ ನಾಲ್ಕಾರು ಮಂದಿಗೆ ಸಾಕಾಗುತ್ತದೆ. ಅದರ ಜತೆಗೆ ನಿಕೋಟಿನ್ ಕೆಲವೇ ಸೆಕೆಂಡುಗಳಲ್ಲಿ ಮಿದುಳಿಗೆ ಮುಟ್ಟಿ ಚುರುಕು ಕೊಡುತ್ತದೆ. 1893–94ರ ಭಾರತೀಯ ಗಾಂಜಾ ವಿಚಾರಣಾ ಆಯೋಗವೂ ಹೊಗೆಸೊಪ್ಪಿನ ಜತೆ ಸೇದುವ ಈ ರೂಢಿಯನ್ನು ದಾಖಲಿಸಿದೆ. ಯೂರೋಪಿನಲ್ಲಿಯೂ ಇದೇ ಬೆರಕೆ ಸಾಮಾನ್ಯ. ಅಮೆರಿಕದಲ್ಲಿ ಮಾತ್ರ ಗಾಂಜಾವನ್ನು ಬರಿದೇ ಸೇದುವವರು ಹೆಚ್ಚು. ಎಂದರೆ ಇದು ಅನಿವಾರ್ಯವಲ್ಲ, ರೂಢಿ.

ಕಾನೂನು ಮಾತ್ರ ಇವೆರಡನ್ನೂ ಬೇರೆ ಮಾಡಿತು. 1985ರ ಮಾದಕ ವಸ್ತು ಕಾಯಿದೆ ಗಾಂಜಾವನ್ನು ಅಪರಾಧವಾಗಿಸಿತು. ಒಂದು ಕಿಲೋವರೆಗಿನ 'ಅಲ್ಪ ಪ್ರಮಾಣ'ಕ್ಕೂ ಒಂದು ವರ್ಷದವರೆಗೆ ಕಠಿಣ ಸಜೆ, ಇಲ್ಲವೇ ಹತ್ತು ಸಾವಿರ ರೂಪಾಯಿವರೆಗೆ ದಂಡ, ಅಥವಾ ಎರಡೂ ಬೀಳಬಹುದು. ಭಂಗಿಯ ಎಲೆ, ಹೂಗೊಂಚಲಿನ ಜತೆ ಇಲ್ಲದಾಗ, ಈ ಕಾಯಿದೆಯ ಗಾಂಜಾ ಎಂಬ ಅರ್ಥದೊಳಗೆ ಬರುವುದಿಲ್ಲ. ಹೊಗೆಸೊಪ್ಪಂತೂ ಪೆಟ್ಟಿಗೆ ಅಂಗಡಿಯಲ್ಲೇ ದೊರೆಯುತ್ತದೆ.

ತೊಡಕಿರುವುದು ಇಲ್ಲಿಯೇ. ಮಗ ಸೇದಿದನೆಂದು ತಿಳಿದ ಮನೆಯವರು ಹೆದರುವುದು ಗಾಂಜಾಕ್ಕೆ, ಪೊಲೀಸರಿಗೆ. ಆದರೆ ಬೆರಕೆಯಲ್ಲಿ ಬಿಡದೆ ಕಟ್ಟಿಹಾಕುವುದು ಅನೇಕ ವೇಳೆ ಹೊಗೆಸೊಪ್ಪು. ಹಿಂದೆಂದೂ ಬೀಡಿ ಮುಟ್ಟದವನೂ ಈ ದಾರಿಯಲ್ಲಿ ನಿಕೋಟಿನ್ನಿಗೆ ದಾಸನಾಗಬಲ್ಲ. ಗಾಂಜಾ ಬಿಟ್ಟೆನೆಂದು ಸಿಗರೇಟಿಗೆ ಇಳಿದವನ ಕೈಗೆ ಹಳೆಯ ಚಿಲುಮೆ ಮತ್ತೆ ಬರುವುದೂ ಸುಲಭ. ಗಾಂಜಾ ಯುವಕರ ಮನಸ್ಸಿಗೆ ಕೇಡು ಮಾಡಬಹುದು, ನಿಜ. ಶ್ವಾಸಕೋಶಕ್ಕೆ, ಹೃದಯಕ್ಕೆ ಹೊಗೆಸೊಪ್ಪು ಮಾಡುವ ಕೇಡು ಅದಕ್ಕಿಂತ ಕಡಿಮೆಯದಲ್ಲ. ನಾನೂರು ವರ್ಷಗಳ ಈ ನೆಂಟಸ್ತನ ಬಿಡಿಸಬೇಕಾದರೆ ಎರಡು ಗಂಟುಗಳನ್ನೂ ಒಟ್ಟಿಗೇ ಬಿಚ್ಚಬೇಕು.