ತಾಳಗುಪ್ಪದ ನೆಲಜಲ: ಒಳಚರಂಡಿಗೆ ಮುನ್ನಿನ ಪರೀಕ್ಷೆಯ ಇತಿಹಾಸ

ಬೀರೂರಿನಿಂದ ಶಿವಮೊಗ್ಗೆಯ ಮಾರ್ಗವಾಗಿ ಬರುವ ರೈಲುದಾರಿಯ ಕೊನೆಯ ನಿಲ್ದಾಣ ತಾಳಗುಪ್ಪ. ಜೋಗಕ್ಕೆ ಹೋಗುವವರು ಇಳಿಯುವ ಊರೆಂದೇ ಇದು ಬಹುಮಂದಿಗೆ ಪರಿಚಿತ. ಆದರೆ ಈ ಸೀಮೆಯ ನೆಲದ ರಚನೆಯೂ ಅದರೊಳಗಣ ನೀರಿನ ಚಲನೆಯೂ ವಿಚಾರಾರ್ಹವಾಗಿವೆ. ದಿಬ್ಬಗಳಲ್ಲಿ ಜಂಬಿಟ್ಟಿಗೆಯ ಗಟ್ಟಿ ಪದರ. ತಗ್ಗಿನಲ್ಲಿ ಕೆರೆ, ಗದ್ದೆ, ಅಡಕೆಯ ತೋಟ. ಇಂತಹ ಜೌಗುನೆಲದ ಬದಿಯಲ್ಲಿ ಒಳಚರಂಡಿಯ ಕೊಳವೆಯನ್ನು ಹೂಳಬೇಕಾದಲ್ಲಿ ಮೊದಲು ಏನನ್ನು ಅರಿಯಬೇಕು, ಆ ಅರಿವು ಹೇಗೆ ಬೆಳೆದುಬಂದಿತು ಎಂಬುದನ್ನು ಇಲ್ಲಿ ಪರಿಶೀಲಿಸುತ್ತೇವೆ.

ಈ ಅರಿವಿನ ಮೊದಲ ನೆಲೆ ಊರವರ ಅನುಭವವೇ ಆಗಿದೆ. ಕೆಳದಿಯ ಸದಾಶಿವನಾಯಕನ ಹೆಸರಿನ ಸದಾಶಿವಸಾಗರವೆಂಬ ಕೆರೆಯಿಂದ ಸಾಗರಕ್ಕೆ ಆ ಹೆಸರು ಬಂದಿತೆಂಬ ಪ್ರತೀತಿಯುಂಟು. ನೀರು ಎಲ್ಲಿ ನಿಲ್ಲುವುದು, ಎಲ್ಲಿ ಇಂಗುವುದು ಎಂಬುದನ್ನು ತಿಳಿಯದೆ ಕೆರೆ ಕಟ್ಟಲಾಗದು. ಅಡಕೆಯ ತೋಟದ ಸಾಲುಗಳ ನಡುವೆ ಬಸಿಗಾಲುವೆ ತೆಗೆಯುವ ಪದ್ಧತಿಯೂ ಇಂತಹುದೇ. ನೆಲದೊಳಗಣ ನೀರಿನ ಮಟ್ಟವನ್ನು ತಗ್ಗಿಸಿ ಬೇರನ್ನು ಕಾಪಾಡುವ ಉಪಾಯವದು.

ಎರಡನೆಯ ನೆಲೆ ಭೂವಿಜ್ಞಾನ. 1801ರಲ್ಲಿ ಇಕ್ಕೇರಿ, ನಗರಗಳ ಮಾರ್ಗವಾಗಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್, ಮಲಬಾರಿನಲ್ಲಿ ತಾನು ಕಂಡ ಕೆಂಪುಕಲ್ಲಿಗೆ 1807ರಲ್ಲಿ ಪ್ರಕಟವಾದ ಪ್ರವಾಸಗ್ರಂಥದಲ್ಲಿ ಲ್ಯಾಟರೈಟ್ ಎಂದು ಹೆಸರಿಟ್ಟನು. ಲ್ಯಾಟಿನ್ ಭಾಷೆಯಲ್ಲಿ ‘ಲಾಟೆರ್’ ಎಂದರೆ ಇಟ್ಟಿಗೆ. ನಮ್ಮ ಜಂಬಿಟ್ಟಿಗೆ ಎಂಬ ಮಾತಿನಲ್ಲಿಯೂ ಇಟ್ಟಿಗೆಯೇ ಇರುವುದು ಗಮನಾರ್ಹ. 1894ರಲ್ಲಿ ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆ ಸ್ಥಾಪಿತವಾದ ಮೇಲೆ ಸಂಸ್ಥಾನದ ಶಿಲೆಗಳ ಅಧ್ಯಯನ ಕ್ರಮಬದ್ಧವಾಯಿತು. ಜಂಬಿಟ್ಟಿಗೆ ರಂಧ್ರಮಯವಾದುದು, ಮಳೆಯ ನೀರು ಅದರ ಮೂಲಕ ಬೇಗನೆ ಇಳಿಯುತ್ತದೆ. ಅದರ ಅಡಿಯಲ್ಲಿ ಅನೇಕ ಕಡೆ ಮೆದುವಾದ ಜೇಡಿಯ ಪದರವಿರುತ್ತದೆ. ಕರಾವಳಿಯಲ್ಲಿ ಇದಕ್ಕೆ ಶೇಡಿಮಣ್ಣೆಂದು ಹೆಸರು. ಒಣಗಿದಾಗ ಗಟ್ಟಿಯಾಗಿ ತೋರುವ ಈ ಮಣ್ಣು ನೀರುಂಡಾಗ ಬಲವನ್ನು ಕಳೆದುಕೊಂಡು ಕುಸಿಯುತ್ತದೆ.

ಮೂರನೆಯ ನೆಲೆ ನಗರನೈರ್ಮಲ್ಯದ್ದು. ಇದರ ಪಾಠ ದೊರೆತುದು ದೂರದ ಲಂಡನ್ನಿನಲ್ಲಿ. 1854ರಲ್ಲಿ ಬ್ರಾಡ್ ಬೀದಿಯ ಸುತ್ತಮುತ್ತ ಕಾಲರಾದಿಂದ ಆರುನೂರಕ್ಕೂ ಮಿಕ್ಕಿ ಜನ ಮಡಿದರು. ಆ ಬೀದಿಯ ಬಾವಿಯ ನೀರೇ ಕಾರಣವೆಂದು ವೈದ್ಯ ಜಾನ್ ಸ್ನೋ ವಾದಿಸಿದನು. ಮರುವರ್ಷ ನೆಲವನ್ನು ಅಗೆದು ನೋಡಿದಾಗ, ಬಾವಿಗೆ ಮೂರಡಿಗೂ ಕಡಿಮೆ ಅಂತರದಲ್ಲಿ ಮಲಗುಂಡಿಯೊಂದಿದ್ದು, ಅದರ ಶಿಥಿಲವಾದ ಇಟ್ಟಿಗೆಗೋಡೆಯಿಂದ ಹೊಲಸು ಮಣ್ಣಿಗೆ ಸೋರುತ್ತಿದ್ದುದು ಕಂಡುಬಂದಿತು. ಪರೀಕ್ಷೆ ನಡೆದುದು ಸಾವುಗಳಾದ ಮೇಲೆ ಎಂಬುದೇ ಇಲ್ಲಿಯ ದುರಂತ. 1856ರಲ್ಲಿ ಫ್ರಾನ್ಸಿನ ಹೆನ್ರಿ ಡಾರ್ಸಿಯು ಮರಳಿನ ಮೂಲಕ ನೀರು ಹರಿಯುವ ನಿಯಮವನ್ನು ಪ್ರಕಟಿಸಿದ ಬಳಿಕ ಇಂತಹ ಸೋರಿಕೆಯನ್ನು ಮುಂಚಿತವಾಗಿ ಲೆಕ್ಕಹಾಕುವುದು ಸಾಧ್ಯವಾಯಿತು.

ಈ ಮೂರು ಅರಿವುಗಳನ್ನು ಒಟ್ಟುಗೂಡಿಸಿದಲ್ಲಿ ತಾಳಗುಪ್ಪದಂತಹ ನೆಲದ ಪರೀಕ್ಷೆಯ ಸ್ವರೂಪ ಸ್ಪಷ್ಟವಾಗುತ್ತದೆ. ಕೊಳವೆಯ ದಾರಿಯುದ್ದಕ್ಕೂ ಗುಂಡಿ ತೋಡಿ ಪದರಗಳನ್ನು ಗುರುತಿಸಬೇಕು. ರಂಧ್ರಗಳುಳ್ಳ ನಳಿಗೆಗಳನ್ನು ನೆಲದಲ್ಲಿ ನಿಲ್ಲಿಸಿ ಜಲಮಟ್ಟವನ್ನು ಅಳೆಯಬೇಕು. ಸಮೀಪದ ಬಾವಿಗಳ ಮಟ್ಟವನ್ನೂ ಬರೆದಿಡಬೇಕು. ಈ ಅಳತೆ ಮಳೆಗಾಲದಲ್ಲಿಯೂ ಬೇಸಗೆಯ ಕೊನೆಯಲ್ಲಿಯೂ ನಡೆಯುವುದು ಅವಶ್ಯ. ಏಕೆಂದರೆ ಮಳೆಗಾಲದಲ್ಲಿ ಜಲಮಟ್ಟ ಕೊಳವೆಗಿಂತ ಮೇಲೇರಿದಾಗ ನೆಲದ ನೀರು ಸಂದುಗಳಿಂದ ಒಳನುಗ್ಗಿ ಚರಂಡಿ ಉಕ್ಕಬಹುದು; ಬೇಸಗೆಯಲ್ಲಿ ಮಟ್ಟ ಇಳಿದಾಗ ಕೊಳವೆಯ ಹೊಲಸೇ ಹೊರಸೋರಿ ಬಾವಿಯ ಕಡೆಗೆ ಸಾಗಬಹುದು. ಅಷ್ಟೇ ಅಲ್ಲ, ಕೊಳವೆಯ ಸುತ್ತ ಮರಳು ತುಂಬಿದ ಕಂದಕವೇ ಒಂದು ಬಸಿಗಾಲುವೆಯಾಗಿ ಪರಿಣಮಿಸಿ ಜೌಗಿನ ನೀರನ್ನು ಸದ್ದಿಲ್ಲದೆ ಸೆಳೆದೊಯ್ಯಬಲ್ಲದು. ಇದನ್ನು ತಡೆಯಲು ಕಂದಕದಲ್ಲಿ ಅಲ್ಲಲ್ಲಿ ಜೇಡಿಮಣ್ಣಿನ ಅಡ್ಡಗಟ್ಟೆಗಳನ್ನು ಹಾಕುವುದುಂಟು. ಅವುಗಳ ಸ್ಥಳವನ್ನು ನಿರ್ಣಯಿಸುವುದು ಮೇಲೆ ಹೇಳಿದ ಪರೀಕ್ಷೆಯೇ.

ಕಾನೂನು ಈ ಹೊಣೆಯನ್ನು ತಾನೇ ಪೂರ್ತಿಯಾಗಿ ಹೊರುವುದಿಲ್ಲ. ಕೇಂದ್ರ ಸರ್ಕಾರದ 2017ರ ಜೌಗುಪ್ರದೇಶ ನಿಯಮಗಳು ಭತ್ತದ ಗದ್ದೆಗಳನ್ನೂ, ಕುಡಿಯುವ ನೀರಿಗಾಗಿ ಅಥವಾ ನೀರಾವರಿಗಾಗಿಯೇ ಮನುಷ್ಯರು ನಿರ್ಮಿಸಿದ ಜಲಾಶ್ರಯಗಳನ್ನೂ ತಮ್ಮ ವ್ಯಾಖ್ಯೆಯಿಂದ ಹೊರಗಿರಿಸಿವೆ. ಮಲೆನಾಡಿನ ತಗ್ಗುಗಳಲ್ಲಿ ನೀರನ್ನು ಹಿಡಿದಿಡುವವು ಬಹುಮಟ್ಟಿಗೆ ಇವೇ ಗದ್ದೆಗಳು, ಇವೇ ಕೆರೆಗಳು. ಆದಕಾರಣ ಕೊಳವೆಗೆ ಮುನ್ನಿನ ಪರೀಕ್ಷೆಯೇ ಇವುಗಳಿಗೆ ಮುಖ್ಯವಾದ ರಕ್ಷಣೆಯೆಂದು ನಾವು ಭಾವಿಸುತ್ತೇವೆ. ಒಂದೇ ಋತುವಿನಲ್ಲಿ ತೋಡಿದ ಗುಂಡಿ ಅರ್ಧ ಸತ್ಯವನ್ನು ಮಾತ್ರ ಹೇಳುತ್ತದೆ. ಉಳಿದರ್ಧಕ್ಕೆ ಮತ್ತೊಂದು ಋತುವಿನವರೆಗೆ ಕಾಯಬೇಕು. ಆ ಕಾಯುವಿಕೆಯ ವೆಚ್ಚ, ಕೆಟ್ಟ ಬಾವಿಯೊಂದನ್ನು ಸರಿಪಡಿಸುವ ವೆಚ್ಚಕ್ಕಿಂತ ದೊಡ್ಡದಾಗಲಾರದು.