ಸಿದ್ದಿ: ಒಂದು ಹೆಸರಿನ ಅಲೆದಾಟ

ಯಲ್ಲಾಪುರ, ಹಳಿಯಾಳದ ಕಡೆಯ ಆಫ್ರಿಕ ಮೂಲದ ಸಿದ್ದಿಗಳ ಹೆಸರು ಕಿವಿಗೆ ಬಿದ್ದೊಡನೆ ನಮ್ಮ ಮನಸ್ಸು ಸಂಸ್ಕೃತದ ‘ಸಿದ್ಧಿ’ಯತ್ತ ಓಡುತ್ತದೆ. ಮಹಾಪ್ರಾಣ ಬಿಟ್ಟುಹೋಗಿದೆ, ಅಷ್ಟೇ ಎಂದುಕೊಳ್ಳುತ್ತೇವೆ. ಆದರೆ ಈ ಹೆಸರಿಗೂ ತಪಸ್ಸಿಗೂ ಸಂಬಂಧವಿಲ್ಲ. ಬಹುಪಾಲು ವಿದ್ವಾಂಸರು ಒಪ್ಪುವಂತೆ ಇದರ ಮೂಲ ಅರಬ್ಬಿಯ ‘ಸಯ್ಯಿದ್’, ಅಂದರೆ ಒಡೆಯ. ಉತ್ತರ ಆಫ್ರಿಕದಲ್ಲಿ ಇಂದಿಗೂ ಹಿರಿಯರನ್ನು ‘ಸೀದಿ’ ಎಂದು ಗೌರವದಿಂದ ಕರೆಯುವುದುಂಟು.

ನಮ್ಮ ಪಡುವಣ ಕರಾವಳಿಗೆ ಬಂದಾಗಲೂ ಪದದ ಗತ್ತು ಇಳಿದಿರಲಿಲ್ಲ. ಮುರುಡದೆದುರಿನ ಜಂಜಿರಾ ಕೋಟೆಯನ್ನು ಆಳಿದವರು ಸಿದ್ದಿಗಳು. ಶಿವಾಜಿಗೂ ಅದು ದಕ್ಕಲಿಲ್ಲ. ದಖನ್ನಿನ ದರ್ಬಾರುಗಳಲ್ಲಿ ಹೆಚ್ಚು ಓಡಾಡಿದ್ದು ‘ಹಬಶಿ’, ಎಂದರೆ ಅಬಿಸೀನಿಯದವನು. ಅಹಮದ್‌ನಗರದ ಮಲಿಕ್ ಅಂಬರ್, ವಿಜಾಪುರದ ಇಖ್ಲಾಸ್ ಖಾನ್ ಹಬಶಿಗಳೇ. ಇತ್ತ ಗೋವೆಯಲ್ಲಿ ಪೋರ್ಚುಗೀಸರ ಗುಲಾಮಗಿರಿ ತಪ್ಪಿಸಿಕೊಂಡು ಕಾಡು ಸೇರಿದವರ ಮಕ್ಕಳು ಮೊಮ್ಮಕ್ಕಳಿಗೂ ‘ಒಡೆಯ’ ಎಂಬ ಹೆಸರೇ ಅಂಟಿತು. ಪದಗಳಿಗೂ ಕುಹಕ ಗೊತ್ತು.

ಓಡಿಹೋದವರು ದಾಖಲೆ ಬಿಟ್ಟು ಹೋಗುವುದಿಲ್ಲವಲ್ಲ. ಹಾಗಾಗಿ ಇತಿಹಾಸಕಾರರು ಬೇರೆಯವರ ಬಾಗಿಲು ತಟ್ಟಬೇಕು. 2011ರಲ್ಲಿ ಪ್ರಕಟವಾದ ತಳಿವಿಜ್ಞಾನದ ಅಧ್ಯಯನ ಆಫ್ರಿಕದ ಬಂಟು ಭಾಷಿಕರೊಂದಿಗೆ ಸಿದ್ದಿಗಳ ನಂಟನ್ನು ತೋರಿಸಿತು. ‘ಹಬಶಿ’ ಎಂಬ ಪದ ಬೊಟ್ಟುಮಾಡುವ ಇಥಿಯೋಪಿಯ ಇವರೆಲ್ಲರ ತವರಲ್ಲ ಎಂದಾಯಿತು. ಗುಜರಾತಿನ ಸಿದ್ದಿಗಳ ‘ಗೋಮಾ’ ಕುಣಿತದ ಹೆಸರೂ ಬಂಟು ಭಾಷೆಗಳ ‘ಙೋಮ’ದ್ದೇ, ಅಲ್ಲಿ ಡೋಲಿಗೂ ಕುಣಿತಕ್ಕೂ ಅದೇ ಪದ. ನಮ್ಮ ಸಿದ್ದಿಗಳ ಡೋಲು ಮಾತ್ರ ‘ದಮಾಮ್’. ಇದರ ಬಂಧು ಪಾರಸಿಯ ‘ದಮಾಮಾ’ ನಗಾರಿ.

ಹೀಗೆ ಎಲ್ಲದರ ಬೇರೂ ಆಫ್ರಿಕದಲ್ಲೇ ಸಿಗಬೇಕೆಂದಿಲ್ಲ. ಸಿದ್ದಿ ಹೆಂಗಸರ ಕೌದಿಯನ್ನೇ ನೋಡಿ. ಹಳೆಯ ಸೀರೆ, ಅಂಗಿಯ ತುಂಡುಗಳನ್ನು ಅಂಚಿನಿಂದ ಹೊಲಿಯುತ್ತ ನಡುವಿಗೆ ಬರುತ್ತಾರೆ. ಮೂಲೆಗಳಿಗೆ ‘ಫೂಲ’ ಎಂಬ ಮಡಿಕೆಬಟ್ಟೆ ಕೂರಿಸದೆ ಕೌದಿ ಮುಗಿಯದು. ಕಲಾ ಇತಿಹಾಸಕಾರರು ಆ ಬಣ್ಣಗಳಲ್ಲಿ ಆಫ್ರಿಕವನ್ನು ಅರಸುತ್ತಾರೆ. ಅರಸಲಿ. ಆದರೆ ಕೌದಿ ಎಂಬ ಹೆಸರು ಧಾರವಾಡದ ಯಾವ ಅಜ್ಜಿಗೂ ಹೊಸತಲ್ಲ. ಬೇರು ಹುಡುಕುವ ಭರದಲ್ಲಿ ಈ ನೆರೆಹೊರೆಯನ್ನು ಮರೆಯುವ ಸಂಶೋಧನೆ ನನಗೆ ಅರೆಬರೆಯೆನಿಸುತ್ತದೆ.

2003ರಲ್ಲಿ ‘ಸಿದ್ದಿ’ ಎಂಬ ಪದ ಪರಿಶಿಷ್ಟ ಪಂಗಡಗಳ ಪಟ್ಟಿ ಸೇರಿತು, ಪಕ್ಕದಲ್ಲೊಂದು ಆವರಣ ಚಿಹ್ನೆಯೊಂದಿಗೆ: ಉತ್ತರ ಕನ್ನಡ ಜಿಲ್ಲೆಯಲ್ಲಿ. ಗಡಿ ದಾಟಿ ಧಾರವಾಡ ಜಿಲ್ಲೆಯ ಕಲಘಟಗಿಯಲ್ಲಿದ್ದ ಸಿದ್ದಿಗೆ ಪಂಗಡದ ಪ್ರಮಾಣಪತ್ರ ಇರಲಿಲ್ಲ. ಧಾರವಾಡ, ಬೆಳಗಾವಿಗಳು ಆ ಆವರಣದೊಳಗೆ ಬಂದದ್ದು 2020ರಲ್ಲಿ.