ವಾರ್ಡ್ ಪೆಟ್ಟಿಗೆ: ಗಾಜಿನೊಳಗಿನ ಮಳೆ, ಗಾಜಿನೊಳಗಿನ ಬಿಸಿಲು

ಬೇಸಿಗೆಯಲ್ಲಿ ನವಲಗುಂದದ ಎರೆ ಹೊಲಗಳು ಬಿರುಕುಬಿಟ್ಟಿರುವಾಗ ಶಾಲೆಯ ಗಾಜಿನ ಪೆಟ್ಟಿಗೆಯಲ್ಲಿ ಜರೀಗಿಡ, ಹಾವಸೆ, ಪುಟ್ಟದೊಂದು ಝರಿ ಇರಿಸಬಹುದೆ? ಇರಿಸಬಹುದು. ಈ ವಿದ್ಯೆಗೆ ಸುಮಾರು ಇನ್ನೂರು ವರ್ಷಗಳ ಇತಿಹಾಸವಿದೆ. ಅದನ್ನು ಅರಿಯದೆ ಅಣ್ಣಿಗೇರಿಯ ಮನೆಯೊಂದರ ಕಿಟಕಿಯಲ್ಲಿ ನಾನಿಟ್ಟ ಮೊದಲ ಪೆಟ್ಟಿಗೆ ಒಂದೇ ಮಧ್ಯಾಹ್ನದಲ್ಲಿ ಬೆಂದುಹೋಯಿತು.

1829ರಲ್ಲಿ ಲಂಡನ್ನಿನ ವೈದ್ಯ ನಥಾನಿಯಲ್ ವಾರ್ಡ್ ಪತಂಗದ ಕೋಶವೊಂದನ್ನು ಒದ್ದೆ ಮಣ್ಣಿನೊಡನೆ ಸೀಸೆಯಲ್ಲಿಟ್ಟು ಮುಚ್ಚಿದ್ದ. ಅದರೊಳಗೆ ಜರೀಗಿಡವೂ ಹುಲ್ಲೂ ಮೊಳೆತವು. ಕಲ್ಲಿದ್ದಲ ಹೊಗೆಯಿಂದಾಗಿ ಅವನ ಹಿತ್ತಲಿನಲ್ಲಿ ಜರೀಗಿಡಗಳು ಬದುಕುತ್ತಿರಲಿಲ್ಲ, ಸೀಸೆಯಲ್ಲಿ ಬದುಕಿದವು. ಹಗಲು ಮಣ್ಣಿನಿಂದ ಎದ್ದ ಆವಿ ಗಾಜಿನ ಮೇಲೆ ಹನಿಯಾಗಿ ಮತ್ತೆ ಮಣ್ಣಿಗೇ ಇಳಿಯುತ್ತಿತ್ತು. 1833ರಲ್ಲಿ ಅವನು ಕಳಿಸಿದ ಎರಡು ಪೆಟ್ಟಿಗೆಗಳು ಕಡಲ ಉಪ್ಪುಗಾಳಿಯನ್ನು ದಾಟಿ, ಹಸಿರಾಗಿಯೇ ಸಿಡ್ನಿ ತಲುಪಿದವು.

ಇದಕ್ಕೆ ಬೇಕಾದ ಆವಿ ಎಷ್ಟೆಂದು ನೀವೇ ಲೆಕ್ಕ ಹಾಕಿ. 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಘನ ಮೀಟರ್ ಸಂತೃಪ್ತ ಗಾಳಿಯಲ್ಲಿ ಸುಮಾರು 30 ಗ್ರಾಂ ನೀರಾವಿ ಇರುತ್ತದೆ. 20 ಡಿಗ್ರಿಯಲ್ಲಿ ಸುಮಾರು 17 ಗ್ರಾಂ. 100 ಲೀಟರ್ ಪೆಟ್ಟಿಗೆಯಾದರೆ ರಾತ್ರಿ ತಂಪಾದಾಗ ಕೇವಲ 1.3 ಗ್ರಾಂ ಹನಿಯಾಗುತ್ತದೆ. ಅಷ್ಟೇ ಅಲ್ಲಿನ ಮಳೆ!

ಮುಂದೆ ಇಂತಹ ಪೆಟ್ಟಿಗೆಗಳಲ್ಲೇ ಚೀನಾದ ಚಹಾ ಗಿಡಗಳು ಭಾರತಕ್ಕೆ ಬಂದವು. ಇದನ್ನು ಕಳವೆಂದು ಕರೆಯುವವರೂ ಇದ್ದಾರೆ, ತಪ್ಪೇನಿಲ್ಲ. ಆದರೆ 1860ರಲ್ಲಿ ಕ್ಲೆಮೆಂಟ್ಸ್ ಮಾರ್ಕಮ್ ದಕ್ಷಿಣ ಅಮೆರಿಕದಿಂದ ತಂದ ಸಿಂಕೋನ ಸಸಿಗಳು ಕೆಂಪು ಸಮುದ್ರದ ಸೆಕೆಯಲ್ಲಿ ಬಾಡಿ, ನೀಲಗಿರಿಯಲ್ಲಿ ಉಳಿಯದೆ ಹೋದವು. ಕ್ವಿನೈನ್ ಕೊಡುವ ಸಿಂಕೋನ ಅಲ್ಲಿ ನೆಲೆಯೂರಿದ್ದು ಬೇರೆ ಸಸಿ, ಬೀಜಗಳಿಂದ.

ನಮ್ಮ ಹರವಿಯ ನೀರು ಬೇಸಿಗೆಯಲ್ಲಿ ತಣ್ಣಗಿರಲು ಕಾರಣ ಸುತ್ತಲಿನ ಒಣಗಾಳಿ. ಎಲೆಯೂ ಹಾಗೆಯೇ, ಆವಿ ಬಿಟ್ಟು ತಂಪಾಗುತ್ತದೆ. ಸಂತೃಪ್ತ ಗಾಳಿಯಲ್ಲಿ ಅದಕ್ಕೆ ಅವಕಾಶವಿಲ್ಲ. ಬಿಸಿಗಾಳಿ ಹೊರಹೋಗಲು ದಾರಿಯೂ ಇಲ್ಲ. ಗಿಡವನ್ನು ಕಾಯುವ ತೇವವೇ ಬಿಸಿಲಿಗೆ ಬಿದ್ದರೆ ಅದನ್ನು ಕೊಲ್ಲುತ್ತದೆ.

ಆದ್ದರಿಂದ ಪೆಟ್ಟಿಗೆಯನ್ನು ಉತ್ತರದ ಕಿಟಕಿಯ ಬಳಿಯಿಡಿ, ನೇರ ಬಿಸಿಲು ಬೇಡ. ಝರಿಯ ಪಂಪು 5 ವ್ಯಾಟಿನದಾದರೆ ಆ ಶಕ್ತಿಯೆಲ್ಲ ಕೊನೆಗೆ ಒಳಗೇ ಶಾಖವಾಗುತ್ತದೆ. ಚಿಕ್ಕದನ್ನೇ ಆರಿಸಿ, ರಾತ್ರಿ ನಿಲ್ಲಿಸಿ. ಎರೆಮಣ್ಣು ನೀರು ಬಸಿಯಗೊಡದು, ಅಡಿಯಲ್ಲಿ ಜಲ್ಲಿ ಹಾಕಿ. ಕೊಳವೆಬಾವಿಯ ಗಡಸು ನೀರನ್ನು ಮತ್ತೆ ಮತ್ತೆ ಸುರಿದರೆ ಆವಿ ಹೋಗಿ ಉಪ್ಪು ಉಳಿಯುತ್ತದೆ, ಝರಿಯ ಕಲ್ಲು ಬೆಳ್ಳಗಾಗುತ್ತದೆ. ಮಳೆನೀರನ್ನು ಹಿಡಿದಿಡಿ. ಹಾವಸೆಗೆ ದೂರ ಹೋಗಬೇಕಿಲ್ಲ. ಶ್ರಾವಣದಲ್ಲಿ ಕಲಘಟಗಿಯ ಕಡೆ ಹಳೆಯ ಗೋಡೆಗಳನ್ನು ನೋಡಿ.